ಚಿಕ್ಕಮ್ಮ ‘ನಿಲ್ಲಿ’ ಅಂದರೆ

ಬೆಳಗ್ಗೆಯಿಂದ ಅವಳ ಕೈ ಅವಳ ಮಾತು ಕೇಳುತ್ತಿರಲಿಲ್ಲ. ಮೇಲ್ದವಡೆಯ ಮುಂದಿನ ಎರಡು ಹಲ್ಲುಗಳನ್ನು ಮೇಣದಲ್ಲಿ ಕೂರಿಸಿ ಕಣ್ಣು ಕಿರಿದು ಮಾಡಿ ನೋಡಿದರೆ, ಒಂದು ಹಲ್ಲು ಪಕ್ಕದ ಹಲ್ಲಿನ ಹೆಗಲ ಮೇಲೆ ಕೈ ಹಾಕಿಕೊಂಡ ಹಾಗೆ ವಾರೆಯಾಗಿ ನಿಂತಿತ್ತು. ಚಾಕು ಬಿಸಿ ಮಾಡಿ, ಮೇಣ ಕರಗಿಸಿ, ಕಿತ್ತು ಮತ್ತೆ ಕೂರಿಸಿದಳು. ಮತ್ತೆ ವಾರೆ. ಈ ಹಲ್ಲಿನ ಸೆಟ್ಟು ಯಾರ ಬಾಯಿಗೆ ಹೋಗುತ್ತದೆಂದು ಅವಳಿಗೆ ಗೊತ್ತಿಲ್ಲ. ದಂತವೈದ್ಯರ ಕಡೆಯಿಂದ ಲ್ಯಾಬಿಗೆ ಬರುವುದು ಪ್ಲಾಸ್ಟರಿನ ಅಚ್ಚು, ಅದರ ಮೇಲೊಂದು ನಂಬರು, ಅಷ್ಟೇ. ಇಷ್ಟು ವರ್ಷಗಳಲ್ಲಿ ಅವಳು ಕೂರಿಸಿದ ಹಲ್ಲುಗಳಿಂದ ಎಷ್ಟೋ ಜನ ನಕ್ಕಿರಬೇಕು, ಸೊಸೆಯರನ್ನು ಬೈದಿರಬೇಕು, ಮದುವೆ ಮನೆಗಳಲ್ಲಿ ಹೊಟ್ಟೆ ಬಿರಿಯ ತಿಂದಿರಬೇಕು. ಅವಳಿಗೆ ಮಾತ್ರ ತನ್ನ ಬಾಯಲ್ಲಿ ಶುರುವಾದ ಮಾತನ್ನು ಕೊನೆ ಮುಟ್ಟಿಸುವುದು ಆಗುತ್ತಿರಲಿಲ್ಲ. ಯಾರಾದರೂ ನಡುವೆ ಬಾಯಿ ಹಾಕಿ ಮುಗಿಸಿಬಿಡುತ್ತಿದ್ದರು, ಅದೂ ಸಾಮಾನ್ಯವಾಗಿ ತಪ್ಪಾಗಿ. ಇವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಅವಳ ವಿಚಾರಣೆ. ವಿಚಾರಣೆ ಎಂಬ ಶಬ್ದ ಅವಳದ್ದಲ್ಲ, ಆಟದ ಕಂಪನಿಯವರೇ ಬರೆದದ್ದು. 

ಫೋನಿನಲ್ಲಿ ಆಡುವ ಕೋಟೆಯಾಟ. ಒಂದು ಪಾಳಯದವರು ಕೋಟೆ ಕಾಯಬೇಕು, ಇನ್ನೊಂದು ಪಾಳಯದವರು ಹಿಡಿಯಬೇಕು. ಇಯರ್‌ಫೋನ್ ಸಿಕ್ಕಿಸಿಕೊಂಡರೆ ನಮ್ಮ ಕಡೆಯವರ ಮಾತು ನಮಗೆ ಕೇಳುತ್ತದೆ. ಮೊಣಕಾಲಿನ ಆಪರೇಷನ್ ಆಗಿ ಮಲಗಿದ್ದಾಗ ಅಕ್ಕನ ಮಗಳು ಹೊತ್ತು ಹೋಗಲಿ ಎಂದು ಹಾಕಿಕೊಟ್ಟದ್ದು. ಅವಳು ‘ಚಿಕ್ಕಮ್ಮ, ಬಲಕ್ಕೆ ಹೋಗಿ! ಚಿಕ್ಕಮ್ಮ, ಬಗ್ಗಿ!’ ಎಂದು ಕೂಗಿದ್ದನ್ನು ಕೇಳಿದವರೆಲ್ಲ ಚಿಕ್ಕಮ್ಮ ಎಂದೇ ಕರೆದರು. ಅಕ್ಕನ ಮಗಳಿಗೆ ಆಟ ಬೇಸರವಾಗಿ ಬಿಟ್ಟಳು. ಇವಳು ಬಿಡಲಿಲ್ಲ. ಮುಖ ನೋಡದ ಜನ ಸೇರಿ ‘ಮೂಲೆಮನೆ’ ಎಂಬ ಗುಂಪಾಯಿತು, ಅದಕ್ಕೆ ಇವಳೇ ಯಜಮಾನಿ. ಈಗ ಆ ಗುಂಪಿಗೂ ಅವಳ ಖಾತೆಗೂ ಬೀಗ ಬಿದ್ದಿತ್ತು. ಆರೋಪ ಇಷ್ಟು: ಆಟದ ನಡುವೆ ಬೇಕೆಂದೇ ಆಡದೆ ನಿಂತದ್ದು, ಇತರರನ್ನೂ ನಿಲ್ಲುವಂತೆ ಪ್ರೇರೇಪಿಸಿದ್ದು. ಸಮಾಧಾನಕರ ಉತ್ತರ ಕೊಡದಿದ್ದರೆ ಬೀಗ ಕಾಯಂ, ಮೂಲೆಮನೆ ವಿಸರ್ಜನೆ.

“ಸಾರ್, ಊಟದ ಹೊತ್ತಲ್ಲಿ ಪ್ಲಾಸ್ಟರ್ ರೂಮು ಸ್ವಲ್ಪ ನನಗೆ...” ಎಂದು ಅವಳು ಲ್ಯಾಬಿನ ಯಜಮಾನರ ಮೇಜಿನ ಮುಂದೆ ನಿಂತಳು.

“ನಿದ್ದೆ ಮಾಡ್ಬೇಕಾ? ಮಾಡಿ, ಮಾಡಿ. ಮೊಣಕಾಲು ನೋವಾ?”

“ಅಲ್ಲ, ಒಂದು ಫೋನು. ಆಟದ ಕಂಪನಿಯವರು...”

“ಬಹುಮಾನ ಬಂದಿದೆ ಅಂದ್ರಾ? ಮೋಸ ಅದು! ಓಟಿಪಿ ಕೊಟ್ಟುಬಿಟ್ಟೀರಿ ಮತ್ತೆ!” ಯಜಮಾನರು ದನಿ ಎತ್ತಿದ್ದಕ್ಕೆ ಪಾಲಿಶ್ ಯಂತ್ರದ ಮುಂದೆ ಕೂತವನು ಯಂತ್ರ ನಿಲ್ಲಿಸಿ ತಿರುಗಿ ನೋಡಿದ. ಬಹುಮಾನವಲ್ಲ ಸಾರ್, ನನ್ನ ಮೇಲೆ ದೂರು ಬಂದಿದೆ ಎಂದು ಅವಳು ಹೇಳಬೇಕಾಯಿತು. ಪಾಲಿಶ್‌ನವನು ಮೊದಲು ನಕ್ಕ. ಯಜಮಾನರು ನಗು ತಡೆದುಕೊಂಡು ಮೂಗಿನಲ್ಲಿ ಉಸಿರು ಬಿಟ್ಟರು. ಅವಳೂ ನಕ್ಕಳು. ನಗಬಾರದಿತ್ತು. ತನ್ನ ಮರ್ಯಾದೆ ತೆಗೆಯುವವರ ಜೊತೆ ಸೇರಿ ತಾನೂ ಹಲ್ಲು ಕಿರಿಯುವುದು ಅವಳ ಹಳೆಯ ಚಾಳಿ, ಅದಕ್ಕಾಗಿ ಅವಳಿಗೆ ತನ್ನ ಮೇಲೇ ಸಿಟ್ಟು. ರೂಮಂತೂ ಸಿಕ್ಕಿತು.

ಪ್ಲಾಸ್ಟರ್ ರೂಮಿನ ಬಾಗಿಲು ಹಾಕಿದರೆ ಹೊರಗಿನ ಗದ್ದಲ ಅರ್ಧ ಇಳಿಯುತ್ತದೆ. ಕಪಾಟಿನ ತುಂಬ ದವಡೆಗಳು, ಎಲ್ಲವೂ ಬಾಯಿ ಬಿಟ್ಟುಕೊಂಡು ಏನೋ ಹೇಳಲು ಹೊರಟು ನಿಂತ ಹಾಗಿದ್ದವು. ಒಂದಕ್ಕೆ ಫೋನು ಒರಗಿಸಿ, ಮುಡಿಯ ಮೇಲೆ ಕೂತ ಬಿಳಿ ಪುಡಿ ಕೊಡವಿ, ಸ್ಟೂಲಿನ ಮೇಲೆ ನೆಟ್ಟಗೆ ಕೂತಳು. ಏನು ಹೇಳುವುದು? ನಿಂತದ್ದು ನಿಜ, ನಿಲ್ಲಿಸಿದ್ದೂ ನಿಜ. ಮೂಲೆಮನೆಯ ಪದ್ಧತಿ ಅದು. ಯಾರಾದರೂ ಹೊಲಸು ಮಾತಾಡಿದರೆ ಚಿಕ್ಕಮ್ಮ ‘ನಿಲ್ಲಿ’ ಅನ್ನುತ್ತಾಳೆ. ಎಲ್ಲರೂ ಆಯುಧ ಕೆಳಗಿಟ್ಟು ಇದ್ದಲ್ಲೇ ನಿಲ್ಲುತ್ತಾರೆ. ಆಡಿದವನು ಕ್ಷಮೆ ಕೇಳುವ ತನಕ ಒಬ್ಬರೂ ಕದಲುವುದಿಲ್ಲ. ಎದುರು ಪಾಳಯದವರು ಬಂದು ಹುಲ್ಲು ಕೊಯ್ದ ಹಾಗೆ ಕೊಯ್ದು ಹೋದರೂ ಸರಿಯೇ, ಕೋಟೆ ಹೋದರೂ ಸರಿಯೇ. ದೂರು ಬಂದ ಆಟದ ದಿನ, ಒಬ್ಬರು ಕಡಿಮೆಯಿದ್ದದ್ದಕ್ಕೆ ಕಂಪನಿಯ ಯಂತ್ರವೇ ಅವರ ಪಾಳಯಕ್ಕೆ ತಂದು ಹಾಕಿದ್ದ ಹೊಸಬ, ಸಿಡಿಲು ಎಂಬ ಹೆಸರಿನವನು, ಮೂಲೆಮನೆಯ ಮೌನಿಯನ್ನು ಅಣಕಿಸಿದ, ಕ್ಷಮೆ ಕೇಳದೆ ದೂರನ್ನೂ ಕೊಟ್ಟ. ಮೌನಿ ಎಲ್ಲೋ ಲಿಫ್ಟು ರಿಪೇರಿ ಮಾಡುವವನು, ಮದುವೆಯಾಗಿ ಮಕ್ಕಳಿರುವವನು, ಮಾತಾಡಿದರೆ ತೊದಲು. ಆಟಕ್ಕೆ ಸೇರಿ ಎಷ್ಟೋ ವಾರಗಳ ತನಕ ಬಾಯೇ ಬಿಟ್ಟಿರಲಿಲ್ಲ, ಆ ಹೆಸರು ಬಂದದ್ದೇ ಹಾಗೆ. ಬಾಯಿ ಬಿಟ್ಟ ದಿನ ಚಿಕ್ಕಮ್ಮ ಅವನ ಮಾತು ಮುಗಿಯುವ ತನಕ ಕಾದಿದ್ದಳು. ಅದೇನು ದೊಡ್ಡ ಉಪಕಾರವಲ್ಲ. ಅರ್ಧಕ್ಕೆ ಕಡಿದ ಮಾತು ಗಂಟಲಲ್ಲಿ ಹೇಗೆ ಕೂರುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಫೋನಿನಲ್ಲಿ ಒಂದು ಮುಖ ಬಂತು. ಎಳೆ ವಯಸ್ಸಿನ ಅಧಿಕಾರಿಣಿ, ಕಿವಿಯ ಮೇಲೆ ದಪ್ಪ ಹೆಡ್‌ಫೋನು, ಕಣ್ಣ ಕೆಳಗೆ ಕಪ್ಪು. “ನಮಸ್ಕಾರ ಮೇಡಂ, ನಡತೆ ವಿಭಾಗದಿಂದ ಮಾತಾಡ್ತಿರೋದು. ಈ ನೀಲಿ ಕವಚ ಹಾಕ್ಕೊಂಡಿರೋದು ನೀವೇ ಅಲ್ವಾ?” ಎಂದು ಆವತ್ತಿನ ಆಟವನ್ನು ಓಡಿಸಿದಳು. ಸದ್ದಿಲ್ಲದೆ, ದುಪ್ಪಟ್ಟು ವೇಗದಲ್ಲಿ ಓಡಿಸಿದಳು. ಇರುವೆಗಳ ಹಾಗೆ ಹರಿದಾಡುತ್ತಿದ್ದ ಬೊಂಬೆಗಳು ಇದ್ದಕ್ಕಿದ್ದಂತೆ ಕತ್ತಿ ಬಿಲ್ಲು ಬಿಸಾಕಿ ಕಂಬದ ಹಾಗೆ ನಿಂತವು. ವೈರಿಗಳು ಬಂದರು, ಕಡಿದರು, ಹೋದರು. ನೋಡುತ್ತ ನೋಡುತ್ತ ಅವಳಿಗೇ ಅನ್ನಿಸಿತು: ಎಂಥ ಮೈಗಳ್ಳರು ಇವರು!

“ಸೌಂಡ್ ಹಾಕಿ,” ಎಂದಳು.

“ನಾವು ಸೌಂಡ್ ಹಾಕಿ ನೋಡಲ್ಲ ಮೇಡಂ. ಬೈಗುಳ ಇದ್ರೆ ಯಂತ್ರನೇ ಹುಡುಕಿ ಕೊಡುತ್ತೆ. ಇದರಲ್ಲಿ ಒಂದೂ ಸಿಕ್ಕಿಲ್ಲ.”

“ಅಣಕಿಸೋಕೆ ಬೈಗುಳ ಯಾಕಮ್ಮ ಬೇಕು?”

ಅಧಿಕಾರಿಣಿ ಹೆಡ್‌ಫೋನು ಒಮ್ಮೆ ತೆಗೆದು ಕಿವಿ ತಿಕ್ಕಿಕೊಂಡಳು. “ನಿಜ ಹೇಳ್ತೀನಿ ಮೇಡಂ, ಮೊದಲು ಎಲ್ಲರೂ ಸೌಂಡ್ ಹಾಕಿಯೇ ನೋಡ್ತಿದ್ದದ್ದು. ದಿನವಿಡೀ ಆ ಹೊಲಸು ಕಿವಿಗೆ ಬಿದ್ದು ಬಿದ್ದು, ಮನೆಗೆ ಹೋದ್ರೆ ಮಗು ನಕ್ಕರೂ ಮೈ ಉರಿಯೋದು. ಒಬ್ಬೊಬ್ಬರೇ ಕೆಲಸ ಬಿಟ್ಟರು. ಆಮೇಲೆ ಈ ಪದ್ಧತಿ ಬಂತು.” ಅಷ್ಟು ಹೇಳಿ, ತನಗೆ ತಾನೇ ಏನೋ ತೀರ್ಮಾನ ಮಾಡಿಕೊಂಡವಳಂತೆ, ಆಟವನ್ನು ಹಿಂದಕ್ಕೆ ಓಡಿಸಿ ಸದ್ದು ಹಾಕಿದಳು.

ಮೊದಲು ಮೌನಿಯ ದನಿ: ‘ಮು... ಮುಂದೆ ಹೋ... ಹೋಗೋಣ.’ ಆಮೇಲೆ ಸಿಡಿಲು: ‘ಮು-ಮು-ಮು-ಮುಂದೆ? ಲೋ, ನೀನು ಹೇಳಿ ಮುಗಿಸೋ ಹೊತ್ತಿಗೆ ನನ್ನ ಮೊಮ್ಮಕ್ಕಳು ಬಂದು ಕೋಟೆ ಹಿಡೀತಾರೆ!’ ಅಧಿಕಾರಿಣಿಯ ತುಟಿ ಬಿಗಿಯಿತು. ಆದರೆ ಇವಳು ಅದನ್ನು ಪೂರ್ತಿ ನೋಡಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಫೋನಿನೊಳಗಿಂದ ಅವಳದ್ದೇ ದನಿ ಬಂತು: ‘ನಿಲ್ಲಿ.’ ತನ್ನ ದನಿಯನ್ನು ಅವಳು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಅದರಲ್ಲಿ ಸಿಟ್ಟು ಇತ್ತು, ಸರಿ. ಮೌನಿಯ ಮೇಲಿನ ಕಕ್ಕುಲಾತಿಯೂ ಇತ್ತು. ಅದರ ಕೆಳಗೆ ಇನ್ನೂ ಏನೋ ಇತ್ತು, ಬೆಲ್ಲ ಚೀಪುವವರ ಬಾಯಲ್ಲಿ ಬರುವಂಥದ್ದು. ತಾನು ಒಂದು ಮಾತು ಆಡಿದರೆ ಅಷ್ಟು ಜನ ನಿಂತುಬಿಡುತ್ತಾರೆ ಎಂಬ ಸುಖ. ಲ್ಯಾಬಿನಲ್ಲಿ, ಮನೆಯಲ್ಲಿ, ಬಸ್ಸಿನಲ್ಲಿ ಯಾರೂ ಕೊಡದ ಸುಖ. ಹಾಗಾದರೆ ಮೌನಿಗಾಗಿ ನಿಲ್ಲಿಸಿದೆನೋ, ನಿಲ್ಲಿಸುವ ರುಚಿಗಾಗಿ ನಿಲ್ಲಿಸಿದೆನೋ? ಅವಳ ಕಿವಿ ಬಿಸಿಯಾಯಿತು. ಅಧಿಕಾರಿಣಿಗೂ ಇದು ಕೇಳಿಸಿರಬೇಕು ಎಂದು ನಾಚಿಕೆಯಾಗಿ, ಸೆರಗಿನಲ್ಲಿ ಫೋನಿನ ಗಾಜು ಒರೆಸಿದಳು.

“ಅವನು ಮಾಡಿದ್ದು ತಪ್ಪು,” ಎಂದಳು ಅಧಿಕಾರಿಣಿ. “ಆದರೆ ನಿಲ್ಲಿಸೋದು ನಮ್ಮ ಕೆಲಸ ಮೇಡಂ. ನೀವು ದೂರು ಕೊಡಬೇಕಿತ್ತು.”

“ಕೊಟ್ಟರೆ ನೀವು ಬರೋದು ಯಾವಾಗ? ಅಷ್ಟರಲ್ಲಿ ಮೌನಿ ಫೋನ್ ಮುಚ್ಚಿಟ್ಟು ಹೋಗಿರ್ತಿದ್ದ. ಇನ್ನೊಂದು ಸಲ ಬಾಯಿ ಬಿಡ್ತಿರಲಿಲ್ಲ. ಹೊಡೆತ ಬಿದ್ದಾಗ ಪಕ್ಕದಲ್ಲಿ ಇದ್ದೋರು ತಾನೇ ಕೈ ಹಿಡಿಬೇಕಾದ್ದು?” ಎಲ್ಲ ವಾಕ್ಯಗಳೂ ಕೊನೆ ಮುಟ್ಟಿದವು. ಅಧಿಕಾರಿಣಿ ನಡುವೆ ಬಾಯಿ ಹಾಕಲಿಲ್ಲ.

“ಒಪ್ಪಿದೆ. ಇವತ್ತು ನೀವು ಒಳ್ಳೇದಕ್ಕೆ ನಿಲ್ಲಿಸಿದ್ರಿ. ನಾಳೆ ಇನ್ನೊಂದು ಗುಂಪು ತಮಗೆ ಆಗದವನೊಬ್ಬ ಬಂದ ಅಂತ ನಿಲ್ಲಿಸುತ್ತೆ. ಅವನು ಯಾರ ಹತ್ರ ಹೋಗಬೇಕು? ಅದೂ ಬೇಡ, ನಿಮ್ಮದೇ ಗುಂಪಲ್ಲಿ ನೀವೇ ಒಂದಿನ ಬಾಯಿಗೆ ಬಂದ ಹಾಗೆ ಮಾತಾಡಿದ್ರಿ ಅಂತಿಟ್ಕೊಳ್ಳಿ. ನಿಮ್ಮನ್ನ ಯಾರು ನಿಲ್ಲಿಸ್ತಾರೆ?”

“ನಾನು ಹಾಗೆಲ್ಲ...” ಎಂದು ಶುರುಮಾಡಿದಳು. ಅಧಿಕಾರಿಣಿ ಕಾದಳು, ಮರ್ಯಾದೆಯಿಂದ, ಕಣ್ಣು ಮಿಟುಕಿಸದೆ ಕಾದಳು. ಮಾತು ಮುಗಿಸಲು ಜಗತ್ತೇ ಬಿಡುವು ಕೊಟ್ಟ ಹೊತ್ತಿನಲ್ಲಿ ಅವಳ ಬಾಯಲ್ಲಿ ಮಾತೇ ಇರಲಿಲ್ಲ. ಸಂಜೆಯೊಳಗೆ ತೀರ್ಪು ತಿಳಿಸುತ್ತೇನೆ ಎಂದು ಅಧಿಕಾರಿಣಿ ಹೊರಟುಹೋದಳು. ಇವಳು ಬಾಯಿ ಬಿಟ್ಟ ದವಡೆಗಳ ನಡುವೆ ಇನ್ನೂ ಸ್ವಲ್ಪ ಹೊತ್ತು ಕೂತಿದ್ದಳು. ಊಟದ ಡಬ್ಬಿ ಬಿಚ್ಚಲು ಮನಸ್ಸಾಗಲಿಲ್ಲ.

ಮಧ್ಯಾಹ್ನವೆಲ್ಲ ಆ ವಾರೆ ಹಲ್ಲಿನ ಜೊತೆ ಗುದ್ದಾಡಿದಳು. ಹೋದರೆ ಹೋಗಲಿ, ಒಂದು ಆಟ ತಾನೇ ಎಂದುಕೊಂಡಳು. ಒಂದು ಆಟ ತಾನೇ ಎಂದು ಯಾರೋ ಅಂದರೆ ನಗಬಹುದು, ತಾನೇ ಅಂದುಕೊಂಡರೆ ನಗುವುದು ಹೇಗೆ? ಮೂಲೆಮನೆಯ ಬೇಕರಿಯವನ ದನಿ ನೆನಪಾಯಿತು, ಅವನು ಬೆಳಗಿನ ಜಾವ ಏಳಬೇಕಾದವನು, ಸಂಜೆ ಒಂದೇ ಒಂದು ಆಟ ಆಡಿ ‘ಚಿಕ್ಕಮ್ಮ, ಬರ್ಲಾ?’ ಎಂದು ಕೇಳಿಯೇ ಹೋಗುವವನು. ಮನೆಯಲ್ಲಿ ಯಾರೂ ಅವಳನ್ನು ಕೇಳಿ ಹೋಗುವುದಿಲ್ಲ. ನಾಳೆಯಿಂದ ಸಂಜೆಗಳಲ್ಲಿ ಏನು ಮಾಡುವುದು, ಗಂಡನ ಪಕ್ಕ ಕೂತು ಟೀವಿಯಲ್ಲಿ ಕಿರುಚಾಡುವವರನ್ನು ನೋಡುವುದೇ? ಅವರನ್ನಂತೂ ‘ನಿಲ್ಲಿ’ ಎಂದು ಹೇಳುವವರೇ ಇಲ್ಲ.

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ ಫೋನು ನಡುಗಿತು. ಓದಲು ಕನ್ನಡಕ ಬೇಕು, ಕನ್ನಡಕ ಚೀಲದ ತಳದಲ್ಲಿ, ಇನ್ನೊಂದು ಕೈಯಲ್ಲಿ ಡಬ್ಬಿ. ಪಕ್ಕದವನ ಕೈಗೆ ಡಬ್ಬಿ ಕೊಟ್ಟೇಬಿಟ್ಟಳು. ‘ಧ್ವನಿ ಸಮೇತ ಪರಿಶೀಲಿಸಲಾಗಿದೆ. ನಿಮ್ಮ ಮೇಲಿನ ಆರೋಪ ಕೈಬಿಡಲಾಗಿದೆ. ಅಣಕಿಸಿದ ಆಟಗಾರನಿಗೆ ಎಚ್ಚರಿಕೆ ನೀಡಲಾಗಿದೆ. ಆಡದೆ ನಿಂತವರ ಮೇಲಿನ ದೂರುಗಳನ್ನು ಇನ್ನು ಮುಂದೆ ಧ್ವನಿ ಇಲ್ಲದೆ ತೀರ್ಮಾನಿಸುವುದಿಲ್ಲ.’ ಎರಡು ಸಲ ಓದಿದಳು. ಗೆದ್ದಿದ್ದಳು! ತನ್ನದೊಂದೇ ಅಲ್ಲ, ಎಲ್ಲೆಲ್ಲೋ ಯಾರ್ಯಾರಿಗೋಸ್ಕರವೋ ನಿಂತು ಮೈಗಳ್ಳರೆನಿಸಿಕೊಂಡವರನ್ನೆಲ್ಲ ಗೆಲ್ಲಿಸಿದ್ದಳು. ಎದೆಯಲ್ಲಿ ಏನೋ ಉಕ್ಕಿ ಬಂದು, ಡಬ್ಬಿ ಹಿಡಿದು ಕಕ್ಕಾಬಿಕ್ಕಿಯಾಗಿ ನಿಂತ ಆ ಅಪರಿಚಿತನಿಗೆ ಕಿವಿಯಿಂದ ಕಿವಿಗೆ ನಕ್ಕಳು. ಅವನೂ ನಕ್ಕ. ಕಟ್ಟಿಸಿದ ಹಲ್ಲು, ಕೆಲಸ ಅಷ್ಟಕ್ಕಷ್ಟೆ, ತಮ್ಮ ಲ್ಯಾಬಿನದ್ದಲ್ಲ.

ಮನೆಯಲ್ಲಿ ಗಂಡ ತರಕಾರಿ ಹೆಚ್ಚುತ್ತಿದ್ದ. “ರೀ, ಇವತ್ತು ಏನಾಯ್ತು ಗೊತ್ತಾ, ಮಧ್ಯಾಹ್ನ...” ಎಂದಳು.

“ಊಟ ಮಾಡಿಲ್ಲ. ಡಬ್ಬಿ ಭಾರ ನೋಡಿದ್ರೇ ಗೊತ್ತಾಗುತ್ತೆ,” ಎಂದ ಅವನು. ಕೆಟ್ಟವನಲ್ಲ, ಅವಳ ಮಾತನ್ನು ಅವಳಿಗಿಂತ ಮೊದಲು ಮುಗಿಸುವುದೇ ಪ್ರೀತಿ ಎಂದು ತಿಳಿದಿದ್ದ. ಇವತ್ತು ಅವಳಿಗೆ ಅದೂ ತಟ್ಟಲಿಲ್ಲ. ಕೈಕಾಲು ತೊಳೆದವಳೇ ನಡುಮನೆಯ ಕುರ್ಚಿಯಲ್ಲಿ ಕೂತು ಇಯರ್‌ಫೋನ್ ಸಿಕ್ಕಿಸಿದಳು.

“ಚಿಕ್ಕಮ್ಮ ಬಂದ್ರು!” ಬೇಕರಿಯವನ ಕೂಗಿಗೆ ಕಿವಿ ಗುಂಯ್ ಎಂದಿತು. ಮೂಲೆಮನೆಯವರೆಲ್ಲ ಒಟ್ಟಿಗೆ ಮಾತಾಡಿದರು. ಎಲ್ಲರಿಗಿಂತ ಕೊನೆಗೆ ಮೌನಿ “ಬ... ಬನ್ನಿ” ಎಂದ. ತೀರ್ಪನ್ನು ಅವಳು ಓದಿ ಹೇಳಿದಳು, ಕೇಳಿ ಕೇಳಿ ಎರಡನೇ ಸಲ ಓದಿಸಿದರು. ಆಟ ಶುರುವಾಯಿತು, ಕೋಟೆ ಕಾಯುವ ಸರದಿ ಇವರದು. ಕಾಲು ನೆಲದ ಮೇಲಿರಲಿಲ್ಲ. ತಾನು ಹೇಳಿದ್ದೇ ಸರಿ, ತಾನು ಹೊಡೆದದ್ದೇ ಗುರಿ. ಆಗಲೇ ನೋಡಿದಳು, ಖಾಲಿ ಉಳಿದಿದ್ದ ಜಾಗಕ್ಕೆ ಯಂತ್ರ ತಂದು ಹಾಕಿದ್ದು ಸಿಡಿಲನ್ನು. ಅವನು ಒಂದು ಮಾತೂ ಆಡದೆ ಎಡಗಡೆಯ ಬಾಗಿಲಿಗೆ ಹೋಗಿ ನಿಂತ. ಬೈದರೂ ಆದೀತು, ಈ ಬಾಲ ಮುದುರಿಕೊಂಡ ಮೌನ ಅವಳಿಗೆ ಕೆರೆತ ತಂದಿತು. ಇವನಿಂದಲ್ಲವೇ ಯಜಮಾನರ ಮುಂದೆ ಹಲ್ಲು ಕಿರಿದದ್ದು! ಎಡಗಡೆಯ ಬಾಗಿಲಿನಿಂದ ಒಬ್ಬ ವೈರಿ ನುಸುಳಿದ. ಸಿಡಿಲಿನ ಗುರಿ ತಪ್ಪಿತ್ತು.

“ಏನಪ್ಪಾ ಸಿಡಿಲು, ಬಾಯಿ ಬಿದ್ದುಹೋಯ್ತಾ?” ಎಂದಳು. ದನಿ ಬೆಲ್ಲದ ಹಾಗಿತ್ತು. “ಮಾತಾಡೋದು ಹೇಗೆ ಅಂತ ನಿಮ್ಮಮ್ಮ ಕಲಿಸಲೇ ಇಲ್ವಾ? ಇಲ್ಲ, ಕಲಿಸೋಕೆ ಮುಂಚೆನೇ ನಿನ್ನ ಮುಖ ನೋಡಿ ಮನೆ ಬಿಟ್ಟು ಓಡಿಹೋದಳಾ?”

ಯಾರೂ ನಗಲಿಲ್ಲ. ಬಲಗಡೆಗೆ ಹೋಗಿ ಎಂದಳು, ಯಾರೂ ಹೋಗಲಿಲ್ಲ. ಬೇಕರಿಯವನ ಬೊಂಬೆ ಮೆಟ್ಟಿಲ ನಡುವೆ ನಿಂತಿತ್ತು. ನೆಟ್ ಹೋಯಿತು ಎಂದುಕೊಂಡಳು. ಇಂಥ ಹೊತ್ತಿಗೇ ಹೋಗಬೇಕೇ ಎಂದು ಎದ್ದು ಮೂಲೆಯ ವೈಫೈ ಡಬ್ಬದ ದೀಪ ನೋಡಿದಳು, ಹಸಿರಾಗಿಯೇ ಉರಿಯುತ್ತಿತ್ತು. ಮತ್ತೆ ಪರದೆ ನೋಡಿದರೆ ಕೋಟೆಯ ಮೇಲೆ ಬಾವುಟ ಹಾರುತ್ತಿತ್ತು, ಹುಲ್ಲು ಅಲ್ಲಾಡುತ್ತಿತ್ತು, ದೂರದಲ್ಲಿ ವೈರಿಗಳು ಓಡೋಡಿ ಬರುತ್ತಿದ್ದರು. ಅವಳ ಕಡೆಯವರು ಮಾತ್ರ ನಿಂತಿದ್ದರು. ಒಬ್ಬೊಬ್ಬರ ಕಾಲ ಬುಡದಲ್ಲೂ ಆಯುಧ ಬಿದ್ದಿತ್ತು. ಇಡೀ ಕೋಟೆಯಲ್ಲಿ ಕೈಯಲ್ಲಿ ಕತ್ತಿ ಹಿಡಿದದ್ದು ಅವಳೊಬ್ಬಳೇ.

ಮೊದಲು ಸಿಟ್ಟು ಬಂತು. ನನಗೇ? ನಾನು ಕಟ್ಟಿದ ಮನೆಯಲ್ಲಿ, ಇವರಿಗೋಸ್ಕರ ವಿಚಾರಣೆಗೆ ಕೂತು ಬಂದ ದಿನವೇ? ಫೋನು ಆರಿಸಿ ಎದ್ದುಹೋಗಬಹುದಿತ್ತು, ಬೆರಳು ಆ ಗುಂಡಿಯ ಮೇಲೆಯೇ ಇತ್ತು. ಆಗ ಕಿವಿಯಲ್ಲಿ ದನಿ ಬಂತು.

“ಚಿ... ಚಿಕ್ಕಮ್ಮ. ಕ್ಷ... ಕ್ಷ...”

ಮೌನಿ. ಮುಂದಿನ ಮಾತು ಏನೆಂದು ಎಲ್ಲರಿಗೂ ಗೊತ್ತು, ಅವಳಿಗೂ ಗೊತ್ತು. ನಾಲಿಗೆಯ ತುದಿಗೆ ಬಂದಿತ್ತು. ಅವನಿಗಿಂತ ಮೊದಲು ತಾನೇ ಹೇಳಿ ಮುಗಿಸಿಬಿಟ್ಟರೆ ಅರ್ಧ ಮಾನವಾದರೂ ಉಳಿಯುತ್ತಿತ್ತು. ಅವಳು ಹಲ್ಲು ಕಚ್ಚಿಕೊಂಡು ಕಾದಳು. ವೈರಿಗಳು ಹೊರಗೋಡೆ ಹತ್ತಿದರು. ಅವನು ಆ ಒಂದು ಶಬ್ದದ ಜೊತೆ ಗುದ್ದಾಡುತ್ತಲೇ ಇದ್ದ, ಬಿಡಲಿಲ್ಲ, ಹಿಂದಿನ ಮೌನಿಯಾಗಿದ್ದರೆ ಬಿಟ್ಟುಬಿಡುತ್ತಿದ್ದ. “ಕ್ಷಮೆ ಕೇಳಿ,” ಎಂದು ಕೊನೆಗೂ ಸ್ಪಷ್ಟವಾಗಿ ಹೇಳಿದ. ಆಟಕ್ಕೆ ಬಂದ ಮೇಲೆ ಅವನು ಯಾರಿಗಾದರೂ ಹೀಗೆ ಮಾಡಿ ಎಂದು ಹೇಳಿದ್ದು ಅದೇ ಮೊದಲು, ಅದನ್ನು ಅವಳಿಗೇ ಹೇಳಿದ್ದ. ಮತ್ತು ಇವರು ಯಾರೂ ಅಪ್ಪಣೆಗೆ ಕಾದಿರಲಿಲ್ಲ. ‘ನಿಲ್ಲಿ’ ಎಂದು ಯಾರೂ ಅಂದೇ ಇರಲಿಲ್ಲ, ತಾವೇ ನಿಂತಿದ್ದರು. ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅದರ ಜಾಗದಲ್ಲಿ ಬಸ್ಸಿನಲ್ಲಿ ಉಕ್ಕಿದ್ದಕ್ಕಿಂತ ದೊಡ್ಡದೊಂದು ಸಂತೋಷ ಬಂದು ಕೂತಿತು, ಕಣ್ಣು ತುಂಬಿತು. ಎಂಥ ಜನ ಇವರು, ನನ್ನ ಜನ! ಅವಳು ಕತ್ತಿ ಕೆಳಗಿಟ್ಟಳು.

“ಸಿಡಿಲು, ಕೇಳಿಸ್ಕೊಳ್ಳಿ,” ಎಂದು ಗಟ್ಟಿಯಾಗಿ ಹೇಳಿದಳು. “ನಿಮ್ಮ ತಾಯಿ ವಿಚಾರ ಎತ್ತಿದ್ದು...”

ಗಂಡ ಅಡಿಗೆಮನೆಯಿಂದ ಚಾಕು ಹಿಡಿದೇ ಬಂದ. “ಯಾರ ತಾಯಿ? ಏನಾಯ್ತೇ? ಯಾರಾದ್ರೂ ಹೋದ್ರಾ?”

“ಇರಿ. ನನ್ನ ಮಾತು ಮುಗೀಲಿ,” ಎಂದಳು ಅವನಿಗೆ, ಜೋರಾಗಿಯೇನೂ ಅಲ್ಲ. ಅವನು ಬಾಯಿ ಮುಚ್ಚಿ ಬಾಗಿಲಲ್ಲೇ ನಿಂತ. ಅವಳು ಮುಂದುವರಿಸಿದಳು. “ನಿಮ್ಮ ತಾಯಿ ವಿಚಾರ ಎತ್ತಿದ್ದು ನನ್ನ ತಪ್ಪು. ಗೆದ್ದ ಸೊಕ್ಕಲ್ಲಿ ಅಂದೆ. ನಿಮಗೆ ನೋವಾಗಲಿ ಅಂತಲೇ ಅಂದೆ. ಕ್ಷಮಿಸಿ.”

ವೈರಿಗಳು ಒಳಬಾಗಿಲು ಒಡೆಯುತ್ತಿದ್ದರು. ಯಾರೂ ಕದಲಲಿಲ್ಲ. “ಸಿಡಿಲು, ಸಾಕಾ?” ಎಂದು ಬೇಕರಿಯವನು ಕೇಳಿದ.

“ಸಾಕು,” ಎಂದ ಸಿಡಿಲು. ಆಮೇಲೆ ಗಂಟಲು ಸರಿಮಾಡಿಕೊಂಡು, “ಮೌನಿ, ಆವತ್ತು ನಾನು... ನಂದೂ ತಪ್ಪಾಯ್ತು,” ಎಂದ.

ಬಾಗಿಲು ಮುರಿಯಿತು. ಎಲ್ಲರೂ ಒಟ್ಟಿಗೆ ಬಗ್ಗಿ ಆಯುಧ ಎತ್ತಿಕೊಂಡರು. ಕೋಟೆ ಉಳಿಯುವ ಹಾಗಿರಲಿಲ್ಲ, ಅದು ಹಾಲು ಕುಡಿಯುವ ಮಗುವಿಗೂ ಗೊತ್ತಾಗುತ್ತಿತ್ತು. ಅವಳು ಕತ್ತಿಗಾಗಿ ತಡಕಾಡುತ್ತ, ಕಣ್ಣೊರೆಸಿಕೊಳ್ಳುತ್ತ, ನಗುತ್ತ ಹಿಂದೆ ಬಿದ್ದಳು.

“ಬೇ... ಬೇಗ ಬನ್ನಿ ಚಿಕ್ಕಮ್ಮ!” ಮೆಟ್ಟಿಲ ಮೇಲಿಂದ ಮೌನಿ ಕೂಗಿದ. ಅವನು ಹೇಳಿದ ಕಡೆಗೆ ಅವಳು ಓಡಿದಳು.